ಕ್ಲಿಪ್ಪೋ ಅಲೈನರೋ ಎಂಬುದು ಕೊನೆಯ ಪ್ರಶ್ನೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಪುನರಾವರ್ತನೆಗಳನ್ನು ಬಿಟ್ಟಿದ್ದೇನೆ. ಸಭಿಕರು ನಡುವೆ ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಲ್ಲು ನೇರ ಮಾಡಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: "ಕ್ಲಿಪ್ ಒಳ್ಳೆಯದೋ, ಅಲೈನರ್ ಒಳ್ಳೆಯದೋ?" ಕ್ಲಿಪ್ ಎಂದರೆ ಹಲ್ಲಿಗೆ ಬ್ರಾಕೆಟ್ ಎಂಬ ಸಣ್ಣ ತುಣುಕುಗಳನ್ನು ಅಂಟಿಸಿ ತಂತಿ ಹಾಕುವುದು; ಅಲೈನರ್ ಎಂದರೆ ತೆಗೆದು ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಕವಚ. ಹೀಗೆ ಕೇಳುವವರನ್ನು ದೂರುವಂತಿಲ್ಲ. ಜಾಹೀರಾತುಗಳು ಮಾರುವುದು ಸಾಧನವನ್ನು. ರೋಗನಿರ್ಣಯವನ್ನು ಯಾರೂ ಜಾಹೀರಾತಿನಲ್ಲಿ ಮಾರುವುದಿಲ್ಲ. ಇವತ್ತಿನ ಮಾತಿನಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಆದರೆ ತಡವಾಗಿ ಹೇಳುತ್ತೇನೆ. ಚಿಕಿತ್ಸೆಯಲ್ಲೂ ಅದರ ಸರದಿ ಬರುವುದು ತಡವಾಗಿಯೇ.

ಕೆಲವು ವರ್ಷಗಳ ಹಿಂದೆ ಇಪ್ಪತ್ತೆರಡರ ಯುವತಿಯೊಬ್ಬಳು ನನ್ನ ಬಳಿ ಬಂದಿದ್ದಳು. ಮೇಲಿನ ಎರಡು ಬಾಚಿಹಲ್ಲುಗಳು ಒಂದರ ಮೇಲೊಂದು ಕೊಂಚ ಏರಿದ್ದವು. ಅಲೈನರ್ ಹಾಕಿಸಿಕೊಳ್ಳುವುದೆಂದು ಮನೆಯಲ್ಲೇ ನಿಶ್ಚಯವಾಗಿತ್ತು. ನಾನು ಹಲ್ಲು ಕಚ್ಚಿ ತುಟಿ ಬಿಡಿಸು ಎಂದೆ. ಕೆಳಗಿನ ಮುಂಹಲ್ಲುಗಳು ಕಾಣಿಸಲೇ ಇಲ್ಲ. ಅವು ಮೇಲಿನ ಹಲ್ಲುಗಳ ಹಿಂದೆ ನೇರವಾಗಿ ಅಂಗುಳನ್ನು ಕುಟ್ಟುತ್ತಿದ್ದವು. ಅಂಗುಳಿನ ಮೇಲೆ ನಾಲ್ಕು ಹಲ್ಲುಗಳ ಅಚ್ಚು ಕೆಂಪಗೆ ಮೂಡಿತ್ತು. ಕನ್ನಡಿ ತೋರಿಸಿದ್ದು ಎರಡು ವಕ್ರ ಹಲ್ಲುಗಳನ್ನು. ನಿಜವಾದ ತೊಡಕು ಇದ್ದದ್ದು ಹಿಂದೆ ಉಳಿದುಬಿಟ್ಟ ಕೆಳದವಡೆಯಲ್ಲಿ. ಅವಳು ಬಯಸಿದಂತೆ ಆ ಎರಡನ್ನೇ ನೇರ ಮಾಡಿ ಕಳುಹಿಸಬಹುದಿತ್ತು, ಆರು ತಿಂಗಳ ಕೆಲಸ. ಅಂಗುಳಿನ ಗಾಯ ಮಾತ್ರ ಹಾಗೆಯೇ ಇರುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ನಮ್ಮ ವೃತ್ತಿಗೂ ಸಲ್ಲುತ್ತದೆ.

ಹಲ್ಲು ಸರಿಯುವುದು ಹೇಗೆ ಎನ್ನುವುದನ್ನು ಮೊದಲು ನೋಡೋಣ. ಅದು ಗೊತ್ತಿದ್ದರೆ ಮಾರುಕಟ್ಟೆಯ ಅರ್ಧ ಮಾತುಗಳು ತಾವಾಗಿಯೇ ಉದುರಿಹೋಗುತ್ತವೆ.

ಹಲ್ಲು ಮೂಳೆಯಲ್ಲಿ ಗೂಟದಂತೆ ಹೂತಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ತೆಳ್ಳಗಿನ ನಾರಿನ ಪದರವಿದೆ. ಹಲ್ಲು ಆ ನಾರುಗಳಲ್ಲಿ ತೂಗುತ್ತಿರುತ್ತದೆ. ಒಂದು ಬದಿಯಿಂದ ಹಗುರವಾಗಿ, ಬಿಡದೆ ಒತ್ತಿದರೆ ಎದುರು ಬದಿಯಲ್ಲಿ ಪದರ ಅದುಮಿಕೊಳ್ಳುತ್ತದೆ. ಅಲ್ಲಿ ಮೂಳೆಯನ್ನು ಕರಗಿಸುವ ಕೋಶಗಳು ಬಂದು ಸೇರುತ್ತವೆ. ಹಿಂದಿನ ಬದಿಯಲ್ಲಿ ನಾರು ಎಳೆತಕ್ಕೆ ಸಿಕ್ಕುತ್ತದೆ, ಅಲ್ಲಿ ಮೂಳೆ ಕಟ್ಟುವ ಕೋಶಗಳು ಕೆಲಸ ಶುರುಮಾಡುತ್ತವೆ. ಮುಂದಿನ ಗೋಡೆ ಕೆಡವುತ್ತ, ಹಿಂದಿನ ಗೋಡೆ ಕಟ್ಟುತ್ತ ಇಡೀ ಕೋಣೆಯೇ ಸರಿದಂತೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 1904ರ ಹೊತ್ತಿಗೆ ನಾಯಿಗಳ ಹಲ್ಲುಗಳನ್ನು ಸರಿಸಿ, ಸುತ್ತಲಿನ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ತೋರಿಸಿದರು. ಇನ್ನೊಂದನ್ನೂ ಅವರು ಕಂಡರು: ಒತ್ತಡ ಅತಿಯಾದರೆ ಆ ಜಾಗಕ್ಕೆ ರಕ್ತವೇ ಹೋಗುವುದಿಲ್ಲ, ಅಂಗಾಂಶ ಸಾಯುತ್ತದೆ, ಹಲ್ಲು ಕೆಲವು ವಾರ ನಿಂತಲ್ಲೇ ನಿಲ್ಲುತ್ತದೆ. ಜೋರಾಗಿ ತಳ್ಳಿದರೆ ಬೇಗ ಸರಿಯುತ್ತದೆ ಎಂಬ ನಮ್ಮ ಸಹಜ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಮಿತಿಮೀರಿದ ಬಲಕ್ಕೆ ಬೇರಿನ ತುದಿಯೂ ಸವೆಯಬಹುದು.

ಹಾಗಾಗಿ ವೇಗಕ್ಕೆ ಒಂದು ಮಿತಿ ಇದೆ. ಸ್ಥೂಲವಾಗಿ ತಿಂಗಳಿಗೆ ಒಂದು ಮಿಲಿಮೀಟರ್. ಪೂರ್ಣ ಪ್ರಮಾಣದ ಚಿಕಿತ್ಸೆಗೆ ಒಂದೂವರೆಯಿಂದ ಎರಡು ವರ್ಷ ಹಿಡಿಯುವುದು ವೈದ್ಯರ ಸೋಮಾರಿತನದಿಂದಲ್ಲ, ಮೂಳೆಯ ಲಯದಿಂದ. ಹಲ್ಲಿಗೆ ತನ್ನನ್ನು ತಳ್ಳುತ್ತಿರುವುದು ತಂತಿಯೋ ಪ್ಲಾಸ್ಟಿಕ್ಕೋ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಬಲ ಎಷ್ಟು, ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಎಂಬುದು ಮಾತ್ರ. ಕಂಪಿಸುವ ಉಪಕರಣವನ್ನು ದಿನಾ ಕಚ್ಚಿ ಹಿಡಿದರೆ ಅವಧಿ ಅರ್ಧವಾಗುತ್ತದೆ ಎಂದು ಕೆಲವು ವರ್ಷ ಭಾರೀ ಪ್ರಚಾರವಿತ್ತು. ಪರೀಕ್ಷೆಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ತಂತಿಯನ್ನು ತಾನೇ ಹಿಡಿದುಕೊಳ್ಳುವ ಬಾಗಿಲಿರುವ ಬ್ರಾಕೆಟ್‌ಗಳಿಂದ ಚಿಕಿತ್ಸೆ ಬೇಗ ಮುಗಿಯುತ್ತದೆ ಎಂಬ ಮಾತಿನ ಗತಿಯೂ ಅದೇ. ಕೆಟ್ಟ ಸಾಧನವೇನಲ್ಲ, ವೇಗದ ಹೆಸರಿನಲ್ಲಿ ಹೆಚ್ಚು ಹಣ ಕೊಡಬೇಕಾಗಿಲ್ಲ, ಅಷ್ಟೆ.

ಈಗ ನಿರ್ಣಯದ ವಿಷಯ. ಎಡ್ವರ್ಡ್ ಆಂಗಲ್ ಎಂಬ ಅಮೆರಿಕನ್ ದಂತವೈದ್ಯರು 1899ರಲ್ಲಿ ಹಲ್ಲುಗಳ ಕಚ್ಚುವಿಕೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಮೇಲಿನ ಮತ್ತು ಕೆಳಗಿನ ಮೊದಲ ದವಡೆಹಲ್ಲುಗಳು ಒಂದಕ್ಕೊಂದು ಹೇಗೆ ಕೂರುತ್ತವೆ ಎಂಬುದೇ ಅಳತೆಗೋಲು. ಸರಿಯಾಗಿ ಕೂತು ಮುಂದಿನ ಹಲ್ಲುಗಳು ಮಾತ್ರ ವಕ್ರವಾಗಿದ್ದರೆ ಮೊದಲನೆಯ ವರ್ಗ. ಕೆಳಗಿನದು ಹಿಂದೆ ಬಿದ್ದಿದ್ದರೆ ಎರಡನೆಯದು, ಮುಂದೆ ಬಂದಿದ್ದರೆ ಮೂರನೆಯದು. ಒಂದು ಶತಮಾನಕ್ಕಿಂತ ಹಳೆಯ ಈ ವಿಂಗಡಣೆಯನ್ನು ನಾವು ಇಂದಿಗೂ ಬಳಸುತ್ತೇವೆ. ಗಮನಿಸಿ, ಅದು ಮುಂಹಲ್ಲಿನಿಂದ ಶುರುವಾಗುವುದಿಲ್ಲ, ನಗುವಾಗ ಯಾರಿಗೂ ಕಾಣಿಸದ ಹಲ್ಲಿನಿಂದ ಶುರುವಾಗುತ್ತದೆ.

ಆಂಗಲ್ ನೋಡಿದ್ದು ಹಲ್ಲುಗಳನ್ನು. ತೊಡಕು ಹಲ್ಲಿನದೋ ದವಡೆಯ ಮೂಳೆಯದೋ ಎಂದು ಬಿಡಿಸಿ ನೋಡುವ ದಾರಿ ಅವರ ಕಾಲದಲ್ಲಿ ಇರಲಿಲ್ಲ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಬೇರೆ ಬೇರೆಯಾಗಿ, ಒಂದೇ ವರ್ಷದಲ್ಲಿ, ತಲೆಯನ್ನು ಸ್ಥಿರವಾಗಿ ಹಿಡಿದು ಪಕ್ಕದಿಂದ ಎಕ್ಸ್‌ರೇ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಆ ಚಿತ್ರದ ಮೇಲೆ ಗೆರೆ ಎಳೆದು ಕೋನ ಅಳೆದರೆ ದವಡೆಗಳು ಎಲ್ಲಿವೆ, ಹಲ್ಲುಗಳು ಎಷ್ಟು ಬಾಗಿವೆ ಎಂಬುದು ಗೊತ್ತಾಗುತ್ತದೆ. ಹೊರನೋಟಕ್ಕೆ ಒಂದೇ ರೀತಿ ಕಾಣುವ ಇಬ್ಬರ ಉಬ್ಬುಹಲ್ಲಿಗೆ ಎರಡು ಬೇರೆ ಕಾರಣಗಳಿರಬಹುದು: ಒಬ್ಬರದು ಬರೀ ಹಲ್ಲು ಮುಂದೆ ಬಾಗಿದ್ದು, ಇನ್ನೊಬ್ಬರದು ಕೆಳದವಡೆ ಗಿಡ್ಡವಾದದ್ದು. ಮೊದಲನೆಯವರಿಗೆ ಮಾಡುವ ಚಿಕಿತ್ಸೆಯನ್ನೇ ಎರಡನೆಯವರಿಗೆ ಮಾಡಿದರೆ ಹಲ್ಲು ಹಿಂದೆ ಹೋಗುತ್ತದೆ, ಗದ್ದ ಇದ್ದಲ್ಲೇ ಇರುತ್ತದೆ, ಮುಖ ಮೊದಲಿಗಿಂತ ಚಪ್ಪಟೆಯಾಗುತ್ತದೆ.

ನಿರ್ಣಯದ ನಂತರ ಬರುವುದು ಜಾಗದ ಲೆಕ್ಕ. ನನ್ನ ಮಟ್ಟಿಗೆ ಈ ಶಾಸ್ತ್ರದ ನಿಜವಾದ ಜಗಳ ಇರುವುದು ಇಲ್ಲಿ. ಹಲ್ಲುಗಳ ಒಟ್ಟು ಅಗಲ ಅವು ಕೂರುವ ದವಡೆಯ ಕಮಾನಿನ ಉದ್ದಕ್ಕಿಂತ ಹೆಚ್ಚಾದಾಗ ಅವು ಒತ್ತರಿಸಿಕೊಂಡು ವಕ್ರವಾಗುತ್ತವೆ. ಆರು ಮಿಲಿಮೀಟರ್ ಕೊರತೆ ಇದ್ದರೆ ಆರು ಮಿಲಿಮೀಟರನ್ನು ಎಲ್ಲಿಂದಾದರೂ ತರಬೇಕು. ಯಾವ ಸಾಧನವೂ ಜಾಗವನ್ನು ಗಾಳಿಯಿಂದ ಹುಟ್ಟಿಸುವುದಿಲ್ಲ. ಕಮಾನನ್ನು ಅಗಲ ಮಾಡಬಹುದು, ಮುಂಹಲ್ಲುಗಳನ್ನು ಮುಂದಕ್ಕೆ ಬಾಗಿಸಬಹುದು, ದವಡೆಹಲ್ಲುಗಳನ್ನು ಹಿಂದೆ ದೂಡಬಹುದು, ಹಲ್ಲುಗಳ ನಡುವೆ ಎನಾಮಲ್ ಎಂಬ ಗಟ್ಟಿ ಹೊರಪದರವನ್ನು ಕೊಂಚ ಉಜ್ಜಿ ತೆಗೆಯಬಹುದು, ಅಥವಾ ಹಲ್ಲು ಕೀಳಬಹುದು. ಉಜ್ಜಿ ತೆಗೆಯುವುದೆಂದರೆ ಎರಡು ಹಲ್ಲು ತಾಗುವ ಒಂದೊಂದು ಜಾಗದಲ್ಲಿ ಹೆಚ್ಚೆಂದರೆ ಅರ್ಧ ಮಿಲಿಮೀಟರ್. ಅಳತೆ ಮೀರದಿದ್ದರೆ ಹಲ್ಲಿಗೆ ಹಾನಿಯಿಲ್ಲ. ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆಹಲ್ಲು ಸುಮಾರು ಏಳು ಮಿಲಿಮೀಟರ್ ಅಗಲ. ಎರಡೂ ಬದಿಯಲ್ಲಿ ಒಂದೊಂದು ತೆಗೆದರೆ ಹದಿನಾಲ್ಕು ಮಿಲಿಮೀಟರ್ ಸಿಗುತ್ತದೆ.

ಆಂಗಲ್ ಹಲ್ಲು ಕೀಳುವುದಕ್ಕೆ ಕಡು ವಿರೋಧಿ. ಮೂವತ್ತೆರಡು ಹಲ್ಲುಗಳೂ ಬಾಯಲ್ಲಿರಬೇಕು, ಸರಿಯಾಗಿ ಜೋಡಿಸಿದರೆ ಮುಖವೂ ತಾನಾಗಿ ಸುಂದರವಾಗುತ್ತದೆ ಎಂಬುದು ಅವರ ನಂಬಿಕೆ. ಅವರ ನಿಷ್ಠಾವಂತ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ಹಾದಿಯಲ್ಲೇ ವರ್ಷಗಟ್ಟಲೆ ನಡೆದರು. ಆಮೇಲೆ ತಾವು ಚಿಕಿತ್ಸೆ ಕೊಟ್ಟವರನ್ನು ಮತ್ತೆ ಕರೆದು ನೋಡಿದರೆ ಹಲವರ ಹಲ್ಲುಗಳು ಹಿಂದಿನ ಸ್ಥಿತಿಗೇ ಮರಳಿದ್ದವು, ತುಟಿಗಳು ಉಬ್ಬಿದ್ದವು. ಟ್ವೀಡ್ ಅಂಥವರಲ್ಲಿ ನಾಲ್ಕು ಹಲ್ಲು ತೆಗೆದು ಇಡೀ ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಿದರು, ಮೊದಲಿನ ಮತ್ತು ನಂತರದ ಫಲಿತಾಂಶಗಳನ್ನು ಸಹವೈದ್ಯರ ಮುಂದೆ ಇಟ್ಟರು. ತನ್ನ ಸೋಲನ್ನು ಹೀಗೆ ಸಾಲಾಗಿ ಜೋಡಿಸಿ ತೋರಿಸುವ ಧೈರ್ಯ ನನಗಿದೆಯೇ ಎಂದು ಕೆಲವೊಮ್ಮೆ ಕೇಳಿಕೊಳ್ಳುತ್ತೇನೆ. ಆ ಬಳಿಕ ಕೆಲವು ದಶಕ ಲೋಲಕ ಇನ್ನೊಂದು ತುದಿಗೆ ಹೋಗಿ, ಬೇಕಿರಲಿ ಬೇಡದಿರಲಿ ಹಲ್ಲು ಕೀಳುವುದು ರೂಢಿಯಾಯಿತು. ಈಗ ಮತ್ತೆ "ನಾವು ಹಲ್ಲು ಕೀಳುವುದಿಲ್ಲ" ಎಂಬುದೇ ಒಂದು ಘೋಷಣೆಯಾಗಿದೆ. ಪ್ರತಿಯೊಬ್ಬರಿಗೂ ಕೀಳುವವರನ್ನೂ ಯಾರಿಗೂ ಕೀಳದವರನ್ನೂ ನಾನು ಸಮಾನ ಅನುಮಾನದಿಂದ ನೋಡುತ್ತೇನೆ. ಒತ್ತರಿಸಿದ ಹಲ್ಲುಗಳನ್ನು ಜಾಗವಿಲ್ಲದೆ ಸಾಲಿಗೆ ತಂದರೆ ಬೇರುಗಳು ಮೂಳೆಯ ತೆಳು ಹೊರಗೋಡೆಗೆ ಒತ್ತಿ ವಸಡು ಕೆಳಗಿಳಿಯುವ ಅಪಾಯವಿದೆ. ಅದು ಮೊದಲ ವರ್ಷದ ಫೋಟೋದಲ್ಲಿ ಕಾಣಿಸುವುದಿಲ್ಲ.

ಈಗ ಸಾಧನಗಳಿಗೆ ಬರೋಣ, ನೀವು ಇಷ್ಟು ಹೊತ್ತು ತಾಳಿದ್ದೀರಿ.

ಹಲ್ಲಿಗೆ ಬ್ರಾಕೆಟ್ ಅಂಟಿಸಿ ತಂತಿ ತೂರಿಸುವ ಪದ್ಧತಿಯನ್ನು ಜನ ಹಳತು ಎಂದುಕೊಂಡಿದ್ದಾರೆ. ಹೆಸರು ಹಳತು, ಒಳಗಿನದು ಹಾಗಲ್ಲ. 1970ರ ದಶಕದಲ್ಲಿ ಲಾರೆನ್ಸ್ ಆಂಡ್ರೂಸ್ ಪ್ರತಿ ಹಲ್ಲಿನ ಓರೆ, ತಿರುವುಗಳನ್ನು ಬ್ರಾಕೆಟ್ಟಿನಲ್ಲೇ ಕೊರೆದಿಟ್ಟರು. ವೈದ್ಯರು ತಂತಿಯನ್ನು ಹಲ್ಲು ಹಲ್ಲಿಗೂ ಬಗ್ಗಿಸುವ ಕೆಲಸ ಬಹಳಷ್ಟು ತಪ್ಪಿತು. ಅದೇ ದಶಕದಲ್ಲಿ ನಿಕಲ್ ಟೈಟಾನಿಯಂ ತಂತಿ ಬಂತು. ಎಷ್ಟು ಬಗ್ಗಿಸಿದರೂ ತನ್ನ ಆಕಾರಕ್ಕೆ ಮರಳುವ ಈ ಲೋಹ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ. ನಿಟಿನಾಲ್ ಎಂಬ ಅದರ ಹೆಸರಿನ ಕೊನೆಯ ಅಕ್ಷರಗಳು ಆ ಪ್ರಯೋಗಾಲಯದವೇ. ಯುದ್ಧಸಾಮಗ್ರಿಗೆಂದು ಹುಡುಕಿದ್ದು ಮಕ್ಕಳ ಬಾಯಿಗೆ ಬಂದು ತಿಂಗಳುಗಟ್ಟಲೆ ಹಗುರವಾಗಿ ಒತ್ತುತ್ತ ಕೂತಿತು. ಹಲ್ಲಿಗೆ ಬೇಕಾದದ್ದು ಅಂಥದೇ ಬಲ.

ಲೋಹದ ಬ್ರಾಕೆಟ್ ಗಟ್ಟಿ, ಅಗ್ಗ, ಎಲ್ಲ ಬಗೆಯ ಚಲನೆಗೂ ಒದಗುತ್ತದೆ. ಕಾಣಿಸುತ್ತದೆ ಎಂಬುದೊಂದು ಕೊರತೆ. ಸೆರಾಮಿಕ್ ಬ್ರಾಕೆಟ್ ಅಷ್ಟಾಗಿ ಕಾಣಿಸುವುದಿಲ್ಲ, ಆದರೆ ಪೆಡಸು; ಎದುರು ಹಲ್ಲು ಅದಕ್ಕೆ ತಾಗಿದರೆ ಸವೆಯುವುದು ಬ್ರಾಕೆಟ್ಟಲ್ಲ, ಹಲ್ಲು. ಕಚ್ಚುವಿಕೆ ಆಳವಾಗಿದ್ದವರಿಗೆ ಕೆಳಗಿನ ಸಾಲಿಗೆ ಅದನ್ನು ಹಾಕಲು ನಾನು ಹಿಂಜರಿಯುತ್ತೇನೆ. ಹಲ್ಲಿನ ಒಳಬದಿಗೆ ಅಂಟಿಸುವ ಬಗೆಯೂ ಇದೆ. ಹೊರಗೆ ಏನೂ ಕಾಣುವುದಿಲ್ಲ, ಮೊದಲ ಕೆಲವು ವಾರ ನಾಲಿಗೆ ತರಚುತ್ತದೆ, ಉಚ್ಚಾರ ತೊದಲುತ್ತದೆ, ವೈದ್ಯರ ಕೈಯೂ ಪಳಗಿರಬೇಕು. ತೆಗೆದು ಹಾಕುವ ಅಕ್ರಿಲಿಕ್ ತಟ್ಟೆಗಳು ಹಲ್ಲನ್ನು ವಾಲಿಸಬಲ್ಲವು, ಬೇರುಸಮೇತ ನೆಟ್ಟಗೆ ಸರಿಸಲಾರವು.

ಇನ್ನು ಪಾರದರ್ಶಕ ಅಲೈನರ್. ಹಲ್ಲಿನ ಅಚ್ಚನ್ನು ಹಂತ ಹಂತವಾಗಿ ತಿದ್ದಿ ಅದರ ಮೇಲೆ ಸಾಧನ ರೂಪಿಸುವ ವಿಚಾರ ಹೊಸದಲ್ಲ. ಹೆರಾಲ್ಡ್ ಕೆಸ್ಲಿಂಗ್ 1945ರಲ್ಲೇ ಅದನ್ನು ಮುಂದಿಟ್ಟಿದ್ದರು. ಆಗ ಪ್ರತಿ ಹಂತಕ್ಕೂ ಕೈಯಿಂದ ಹೊಸ ಅಚ್ಚು ಮಾಡಬೇಕಿತ್ತು. ಕಂಪ್ಯೂಟರ್ ಮತ್ತು ಮೂರು ಆಯಾಮದ ಮುದ್ರಣ ಆ ಶ್ರಮವನ್ನು ತಪ್ಪಿಸಿದ ಮೇಲೆ, 1990ರ ದಶಕದ ಕೊನೆಯಲ್ಲಿ ಅದು ಮಾರುಕಟ್ಟೆಗೆ ಬಂತು. ಒಂದೊಂದು ಅಲೈನರ್ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುವಂತೆ ರೂಪಿಸಿರುತ್ತಾರೆ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಬದಲಾಯಿಸಬೇಕು. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು.

ಅದರ ಒಳ್ಳೆಯ ಗುಣಗಳು ನಿಜವಾದವು. ತೆಗೆದು ಹಲ್ಲುಜ್ಜಬಹುದು, ವಸಡು ಸೂಕ್ಷ್ಮವಾಗಿರುವ ವಯಸ್ಕರಿಗೆ ಇದು ದೊಡ್ಡ ಅನುಕೂಲ. ತಂತಿ ಚುಚ್ಚುವ, ಬ್ರಾಕೆಟ್ ಕಳಚುವ ಕಾಟವಿಲ್ಲ. ಸಾಧಾರಣ ಒತ್ತರಿಕೆ, ಹಲ್ಲುಗಳ ನಡುವಿನ ಸಣ್ಣ ಸಂದು, ಹಿಂದೊಮ್ಮೆ ಚಿಕಿತ್ಸೆಯಾಗಿ ಮತ್ತೆ ಕೊಂಚ ಸರಿದ ಹಲ್ಲು, ಇವುಗಳಿಗೆ ಅಲೈನರನ್ನು ನಾನೇ ಮೊದಲು ಸೂಚಿಸುತ್ತೇನೆ. ಆದರೆ ದುಂಡಗಿನ ಹಲ್ಲನ್ನು ತಿರುಗಿಸಲು, ಮೇಲೆ ಉಳಿದ ಹಲ್ಲನ್ನು ಕೆಳಗೆಳೆಯಲು, ಕಿತ್ತ ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲುಗಳನ್ನು ಬೇರುಸಮೇತ ತರಲು ಜಾರುವ ಪ್ಲಾಸ್ಟಿಕ್ ಹಿಡಿತ ಸಾಲದು. ಅದಕ್ಕೇ ಹಲ್ಲಿನ ಮೇಲೆ ಅದೇ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸುತ್ತಾರೆ. "ಏನೂ ಅಂಟಿಸುವುದಿಲ್ಲ ಎಂದಿದ್ದರಲ್ಲ" ಎಂದು ಬೇಸರಪಡುವವರು ಇದ್ದಾರೆ.

ಚಿಕಿತ್ಸೆಗೆ ಮುನ್ನ ಪರದೆಯ ಮೇಲೆ ನಿಮ್ಮ ಹಲ್ಲುಗಳು ಸರಿದು ಸಾಲಾಗುವ ಚಲಿಸುವ ಚಿತ್ರವನ್ನು ತೋರಿಸುತ್ತಾರೆ. ನೋಡಲು ಸೊಗಸು. ಅದು ಯೋಜನೆ, ಭವಿಷ್ಯವಾಣಿಯಲ್ಲ. ಅಲೈನರ್ ಬಳಸಿದವರಲ್ಲಿ ಪರದೆಯಲ್ಲಿ ತೋರಿಸಿದ ಚಲನೆಯ ಎಷ್ಟು ಪಾಲು ಬಾಯಲ್ಲಿ ನಡೆಯಿತು ಎಂದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ನೋಡಿತು: ಮುಂಹಲ್ಲುಗಳಲ್ಲಿ ಸರಾಸರಿ ಶೇ. 41. ಸುಧಾರಿಸಿದ ಪ್ಲಾಸ್ಟಿಕ್ ಮತ್ತು ತಂತ್ರಾಂಶದೊಂದಿಗೆ 2020ರಲ್ಲಿ ಇನ್ನೊಂದು ಅಧ್ಯಯನ ಬಂದಾಗ ಎಲ್ಲ ಹಲ್ಲುಗಳನ್ನೂ ಸೇರಿಸಿ ಅದು ಶೇ. 50. ಹಾಗೆಂದು ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದಿಲ್ಲ. ಮತ್ತೆ ಸ್ಕ್ಯಾನ್ ಮಾಡಿ ಇನ್ನೊಂದು ಸರಣಿ ಅಲೈನರ್ ತರಿಸುತ್ತಾರೆ. ಆ ಎರಡನೆಯ ಸರಣಿಯ ಹಣ ಮೊದಲೇ ಹೇಳಿದ ಮೊತ್ತದಲ್ಲಿ ಸೇರಿದೆಯೇ ಎಂದು ಕೇಳಿ.

ಒಬ್ಬರು ಹಿಂದಿನ ಸಾಲಿನಿಂದ ಕೇಳಿದರು: "ನನ್ನ ಮಗ ಕನ್ನಡಕವನ್ನೇ ದಿನಕ್ಕೊಂದು ಕಡೆ ಮರೆತು ಬರುತ್ತಾನೆ. ಅವನಿಗೆ ಅಲೈನರ್ ಆಗುತ್ತದೆಯೇ?" ಉತ್ತರ ಪ್ರಶ್ನೆಯಲ್ಲೇ ಇದೆ. ಡಬ್ಬಿಯಲ್ಲಿರುವ ಅಲೈನರ್ ಯಾವ ಹಲ್ಲನ್ನೂ ಸರಿಸುವುದಿಲ್ಲ. ಅಂಟಿಸಿದ ಕ್ಲಿಪ್ ಮರೆಗುಳಿಯ ಬಾಯಲ್ಲೂ ಇಪ್ಪತ್ತನಾಲ್ಕು ಗಂಟೆ ದುಡಿಯುತ್ತದೆ. ಆದರೆ ಹಲ್ಲುಜ್ಜುವುದನ್ನೂ ಮರೆಯುವ ಹುಡುಗನಾದರೆ ಬ್ರಾಕೆಟ್ಟಿನ ಸುತ್ತ ಎನಾಮಲ್ ಸುಣ್ಣ ಕಳೆದುಕೊಂಡು ಬಿಳಿ ಮಚ್ಚೆಗಳು ಉಳಿಯುತ್ತವೆ. ಅಂಥವನಿಗೆ ಆರು ತಿಂಗಳು ಕಾದು, ಫ್ಲೋರೈಡ್ ಪೇಸ್ಟಿನಲ್ಲಿ ಎರಡು ಹೊತ್ತು ಉಜ್ಜುವ ಅಭ್ಯಾಸ ಕೂಡಿಸಿ ಆಮೇಲೆ ಶುರುಮಾಡಿ ಎನ್ನುತ್ತೇನೆ. ಕಾಯುವುದೂ ಚಿಕಿತ್ಸೆಯ ಭಾಗವೇ.

ವಯಸ್ಸಿನ ಬಗ್ಗೆ. ಏಳನೆಯ ವಯಸ್ಸಿನ ಹೊತ್ತಿಗೆ ಒಮ್ಮೆ ತೋರಿಸಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟರ, ಅಂದರೆ ಹಲ್ಲು ನೇರ ಮಾಡುವ ತಜ್ಞರ, ಸಂಘ ಹೇಳುತ್ತದೆ. ತೋರಿಸಿ ಎಂದರೆ ಶುರುಮಾಡಿ ಎಂದಲ್ಲ. ಹೆಚ್ಚಿನ ಮಕ್ಕಳನ್ನು ನಾವು ಸುಮ್ಮನೆ ಮನೆಗೆ ಕಳುಹಿಸುತ್ತೇವೆ. ಆ ವಯಸ್ಸಿನಲ್ಲಿ ಹುಡುಕುವುದು ಕೆಲವನ್ನು ಮಾತ್ರ. ಮೇಲುದವಡೆ ಕಿರಿದಾಗಿ ಹಲ್ಲುಗಳು ಅಡ್ಡ ಕಚ್ಚುತ್ತಿದ್ದರೆ, ಅಂಗುಳಿನ ನಡುವಿನ ಕೂಡುಗೆರೆ ಗಟ್ಟಿಯಾಗುವ ಮೊದಲು ತಿರುಪಿನ ಸಾಧನದಿಂದ ಅಗಲಿಸುವುದು ಸುಲಭ. ಮೇಲುದವಡೆ ಹಿಂದೆ ಬಿದ್ದು ಕೆಳಗಿನ ಹಲ್ಲುಗಳು ಮುಂದೆ ಕಚ್ಚುತ್ತಿದ್ದರೆ ಮುಖವಾಡದಂಥ ಸಾಧನದಿಂದ ಮೇಲುದವಡೆಯನ್ನು ಮುಂದೆ ಎಳೆಯಬಹುದು. ಹತ್ತರೊಳಗೆ ಅದು ಹೆಚ್ಚು ಫಲಿಸುತ್ತದೆ. ಹತ್ತರ ಸುಮಾರಿಗೆ ಕೋರೆಹಲ್ಲು ಬರುವ ದಾರಿಯನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ದಾರಿ ತಪ್ಪಿದ ಕೋರೆಹಲ್ಲು ಪಕ್ಕದ ಬಾಚಿಹಲ್ಲಿನ ಬೇರನ್ನೇ ತಿಂದುಹಾಕಬಲ್ಲದು. ಉಬ್ಬುಹಲ್ಲಿಗೆ ಮಾತ್ರ ಅಷ್ಟು ಬೇಗ ಶುರುಮಾಡಿದರೂ ಕೊನೆಯ ಫಲ ಹದಿಹರೆಯದಲ್ಲಿ ಶುರುಮಾಡಿದಷ್ಟೇ. ಬಿದ್ದು ಮುಂಹಲ್ಲು ಮುರಿದುಕೊಳ್ಳುವ ಅಪಾಯ ತಗ್ಗುತ್ತದೆ ಎಂಬುದೊಂದು ಲಾಭ.

ವಯಸ್ಕರಲ್ಲಿ ಹಲ್ಲು ಐವತ್ತರಲ್ಲೂ ಸರಿಯುತ್ತದೆ, ದವಡೆ ಬೆಳೆಯುವುದಿಲ್ಲ. ಮೂಳೆಯ ವ್ಯತ್ಯಾಸ ದೊಡ್ಡದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ವಸಡಿನ ರೋಗವಿದ್ದರೆ ಅದನ್ನು ಹತೋಟಿಗೆ ತಂದೇ ಮುಂದಿನ ಮಾತು. ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸಿದ ಕೃತಕ ಹಲ್ಲು, ಇದ್ದರೆ ಹೇಳಿ, ನಾರಿನ ಪದರವಿಲ್ಲದ ಅದು ಕದಲುವುದೇ ಇಲ್ಲ. ಮೂಳೆಸವೆತಕ್ಕೆ ಬಿಸ್ಫಾಸ್ಫೊನೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹೇಳಿ, ಮೂಳೆ ಕರಗಿಸುವ ಕೋಶಗಳನ್ನೇ ಅದು ತಡೆಯುತ್ತದೆ.

ಹಾಗಾದರೆ ವೈದ್ಯರನ್ನು ಏನು ಕೇಳಬೇಕು? ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಒಂದಿದೆ: "ಏನೂ ಮಾಡದಿದ್ದರೆ ಏನಾಗುತ್ತದೆ?" ಕೆಲವರಿಗೆ ನನ್ನ ಉತ್ತರ, ಏನೂ ಆಗುವುದಿಲ್ಲ. ಕೊಂಚ ವಕ್ರವಾದ ಹಲ್ಲು ರೋಗವಲ್ಲ. ಅಂದಕ್ಕಾಗಿ ನೇರ ಮಾಡಿಸಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ, ಅದನ್ನು ಆರೋಗ್ಯದ ತುರ್ತು ಎಂದು ಹೆದರಿಸಿ ಮಾರಬಾರದು. ಆಮೇಲೆ, ಜಾಗ ಎಲ್ಲಿಂದ ತರುತ್ತೀರಿ ಎಂದು ಕೇಳಿ. ಮಿಲಿಮೀಟರಿನಲ್ಲಿ ಉತ್ತರ ಬಂದರೆ ಅವರು ಅಳೆದಿದ್ದಾರೆ ಎಂದರ್ಥ. ಒಂದೇ ಸಾಧನವನ್ನು ಎಲ್ಲರಿಗೂ ಹೇಳುವವರ ಬಳಿಯಿಂದ ಎದ್ದು ಬಂದು ಎರಡನೆಯ ಅಭಿಪ್ರಾಯ ಪಡೆಯಿರಿ.

ಮನೆಯಲ್ಲೇ ಅಚ್ಚು ತೆಗೆದು ಅಂಚೆಯಲ್ಲಿ ಅಲೈನರ್ ತರಿಸುವ ವ್ಯವಸ್ಥೆಗಳ ಬಗ್ಗೆ ಇಬ್ಬರು ಚೀಟಿ ಬರೆದಿದ್ದಾರೆ. ಎಕ್ಸ್‌ರೇ ಇಲ್ಲದೆ, ವಸಡನ್ನು ಯಾರೂ ಮುಟ್ಟಿ ನೋಡದೆ ಹಲ್ಲು ಸರಿಸುವುದು ಅಡಿಪಾಯ ನೋಡದೆ ಗೋಡೆ ತಳ್ಳಿದಂತೆ. ಅಂಥ ಬಹು ದೊಡ್ಡ ಕಂಪನಿಯೊಂದು 2023ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಮುಚ್ಚಿಹೋಯಿತು. ನಡು ಚಿಕಿತ್ಸೆಯಲ್ಲಿದ್ದವರು ಮುಂದೇನೆಂದು ಕೇಳಲು ಯಾರೂ ಇಲ್ಲದೆ ಉಳಿದರು.

ಇನ್ನು ಯಾರೂ ಕೇಳದ ವಿಷಯ, ರಿಟೇನರ್: ಚಿಕಿತ್ಸೆ ಮುಗಿದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕಿತ್ತು ಚಿಕಿತ್ಸೆ ಪಡೆದ 65 ಮಂದಿಯನ್ನು ರಿಟೇನರ್ ಬಿಟ್ಟು ಕನಿಷ್ಠ ಹತ್ತು ವರ್ಷಗಳಾದ ಮೇಲೆ ನೋಡಿ, 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮೂರನೇ ಎರಡು ಪಾಲು ಮಂದಿಯ ಕೆಳಗಿನ ಮುಂಹಲ್ಲುಗಳು ತೃಪ್ತಿಕರ ಸಾಲಿನಲ್ಲಿ ಉಳಿದಿರಲಿಲ್ಲ. ಯಾರದು ಉಳಿಯುತ್ತದೆ, ಯಾರದು ಉಳಿಯುವುದಿಲ್ಲ ಎಂದು ಮೊದಲೇ ಹೇಳುವ ಗುರುತೂ ಅವರಿಗೆ ಸಿಗಲಿಲ್ಲ. ವಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ವರ್ಷವೇ ಬೇಕು, ಅದರ ನಂತರವೂ ವಯಸ್ಸಾದಂತೆ ಕೆಳಗಿನ ಹಲ್ಲುಗಳು ಒತ್ತರಿಸುತ್ತಲೇ ಇರುತ್ತವೆ. ಚಿಕಿತ್ಸೆಯನ್ನೇ ಪಡೆಯದವರಲ್ಲೂ ಹಾಗೆಯೇ. ಬುದ್ಧಿಹಲ್ಲು ತಳ್ಳುವುದರಿಂದ ಹೀಗಾಗುತ್ತದೆ ಎಂಬ ನಂಬಿಕೆಗೆ ಸರಿಯಾದ ಆಧಾರವಿಲ್ಲ. ವಕ್ರತೆ ತಡೆಯಲೆಂದೇ ಅದನ್ನು ಕೀಳಿಸಬೇಡಿ.

"ಎಷ್ಟು ವರ್ಷ ಹಾಕಬೇಕು?" ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು. ಮೊದಲ ಕೆಲವು ತಿಂಗಳು ಹೆಚ್ಚು ಹೊತ್ತು, ಆಮೇಲೆ ರಾತ್ರಿ ಮಾತ್ರ, ಆ ರಾತ್ರಿಗಳಿಗೆ ಕೊನೆಯಿಲ್ಲ ಎಂದೆ. ಅವರು ನಕ್ಕು, ಮೂವತ್ತು ವರ್ಷದ ಹಿಂದಿನ ತಮ್ಮ ರಿಟೇನರ್ ಇನ್ನೂ ಕಪಾಟಿನಲ್ಲಿದೆ, ಈಗ ಹಾಕಿಕೊಳ್ಳಬಹುದೇ ಎಂದರು. ಒತ್ತಿ ಕೂರಿಸಬೇಡಿ, ಅದನ್ನೂ ಜೇಬಿನಲ್ಲಿಟ್ಟುಕೊಂಡು ಯಾರಾದರೂ ವೈದ್ಯರ ಬಳಿ ಹೋಗಿ ಎಂದು ಹೇಳಿದೆ.